ನಡುವೆ ಒಂದು ಮೊಳ

ಗಂಡ-ಹೆಂಡತಿಯ ನಡುವೆ ಪ್ರೀತಿ ಎಷ್ಟಿದೆ ಎಂದು ಅಳೆಯುವ ಯಂತ್ರ ಬರುತ್ತದಂತೆ ಎಂದಾಗ ಬೆಟಗೇರಿಯ ಜನ ನಕ್ಕಿದ್ದರು. ಹಾಗಿದ್ದರೆ ಮೊದಲು ನಮ್ಮ ಮನೆಗೇ ತನ್ನಿ ಎಂದು ಚಹಾದಂಗಡಿಯಲ್ಲಿ ಕೂತವರು ಚೇಷ್ಟೆ ಮಾಡಿದ್ದರು. ಯಂತ್ರ ಬಂದೇ ಬಂತು. ಯಾರ ಮನೆಗೂ ಬರಲಿಲ್ಲ, ಹೋಗಿ ಗಡಿಯಲ್ಲಿ ಕೂತಿತು. ಸಮುದ್ರದಾಚೆಯ ಉತ್ತರ ಒಕ್ಕೂಟದಲ್ಲಿ ದುಡಿಯುವವರು ತಮ್ಮ ಹೆಂಡತಿಯನ್ನೋ ಗಂಡನನ್ನೋ ಕರೆಸಿಕೊಳ್ಳಬೇಕಾದರೆ ಇನ್ನು ಮದುವೆಯ ಕಾಗದವೊಂದೇ ಸಾಲದು, ಇಬ್ಬರೂ ಒಟ್ಟಿಗಿರುವ ಹನ್ನೆರಡು ಫೋಟೋ ಕಳಿಸಿ, ಮಿಕ್ಕಿದ್ದು ಯಂತ್ರ ನೋಡಿಕೊಳ್ಳುತ್ತದೆ ಎಂದು ಕಾನೂನಾಯಿತು. ಸುಳ್ಳು ಮದುವೆಗಳು ವಿಪರೀತವಾಗಿದ್ದವಂತೆ. ಯಂತ್ರಕ್ಕೆ ಉದ್ದನೆಯ ಇಂಗ್ಲಿಷ್ ಹೆಸರೊಂದಿತ್ತು. ನಮ್ಮ ಕಡೆ ಅದಕ್ಕೆ ಸಲುಗೆ ಯಂತ್ರ ಎಂದು ಹೆಸರು ಬಿತ್ತು.

ಹುಟ್ಟಿದಾಗ ಆ ಯಂತ್ರಕ್ಕೆ ಏನೂ ಗೊತ್ತಿರಲಿಲ್ಲ. ಮಗುವಿಗೆ ಚಿತ್ರದ ಪುಸ್ತಕ ತೋರಿಸಿ ಇದು ಹಸು, ಇದು ನಾಯಿ ಎಂದು ಹೇಳಿಕೊಡುತ್ತೇವಲ್ಲ, ಹಾಗೆ ಅದಕ್ಕೂ ಯಾರಾದರೂ ಹೇಳಿಕೊಡಬೇಕಿತ್ತು. ಲಕ್ಷಾಂತರ ಜೋಡಿಗಳ ಫೋಟೋಗಳನ್ನು ಒಂದೊಂದಾಗಿ ನೋಡಿ ಒಂದರಿಂದ ಐದರೊಳಗೆ ಒಂದು ಅಂಕಿ ಒತ್ತುವುದು ಕೆಲಸ. ಒಂದು ಎಂದರೆ ಅಪರಿಚಿತರು ಅಥವಾ ಒತ್ತಾಯ. ಐದು ಎಂದರೆ ಗಾಢ ಸಂಬಂಧ. ಭುಜಗಳ ನಡುವಿನ ಅಂತರ, ಕಣ್ಣು ನೆಟ್ಟ ದಿಕ್ಕು, ಕೆನ್ನೆಯ ಸ್ನಾಯುಗಳ ಎಳೆತ, ಕುತ್ತಿಗೆಯ ಬಾಗು ಇವನ್ನೆಲ್ಲ ಅಂಕಿಯೊಂದಿಗೆ ಜೋಡಿಸಿಕೊಂಡು ಯಂತ್ರ ತಾನೇ ಕಲಿಯುತ್ತ ಹೋಯಿತು. ಹೀಗೆ ಕಲಿಸುವ ಕೇಂದ್ರಗಳು ನಾಲ್ಕಾರು ದೇಶಗಳಲ್ಲಿದ್ದವು. ಕನ್ನಡ ಸೀಮೆಗೆ ಇದ್ದದ್ದು ಒಂದೇ, ಬೆಟಗೇರಿಯ ಹಳೆಯ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ. ಹತ್ತಿ ಬಿಡಿಸುತ್ತಿದ್ದ ಹಾಲ್‌ನಲ್ಲಿ ಈಗ ಎಪ್ಪತ್ತೆರಡು ಕುರ್ಚಿ, ಎಪ್ಪತ್ತೆರಡು ಪರದೆ.

ದಾಕ್ಷಾಯಣಿ ಅಲ್ಲಿ ಮೊದಲ ದಿನದಿಂದ ಇದ್ದವಳು. ಮೂರು ವರ್ಷಕ್ಕೆ ತರಬೇತಿ ಕೊಡುವವಳಾದಳು. ಹೊಸಬರನ್ನು ಸುತ್ತ ಕೂರಿಸಿಕೊಂಡು ನಿಯಮದ ಪುಸ್ತಕ ತೆರೆದು, ಅವರ ನಾಲಿಗೆಗೆ ಹತ್ತುವಂತೆ ಹೇಳಿಕೊಡುತ್ತಿದ್ದಳು.

"ತಲಿ ತಗ್ಗಿಸಿದ್ರ?"

"ಒಂದು!"

"ನಡುವ ಮೊಳದಷ್ಟು ಜಾಗ ಇದ್ರ?"

"ಒಂದು!"

"ಹೆಂಗಸು ಗಂಡಸಿನ ಕಡೆ ನೋಡದ ನೆಲ ನೋಡಾಕತ್ತಿದ್ರ?"

"ಒಂದು!"

ಹೀಗೆ ಹೇಳಿಕೊಡುವಾಗ ಅವಳಿಗೆ ಒಳಗೊಳಗೇ ಇರುಸುಮುರುಸಾಗುತ್ತಿರಲಿಲ್ಲವೆ? ಆಗುತ್ತಿತ್ತು. ನಮ್ಮ ಕಡೆಯ ಹೆಣ್ಣುಮಕ್ಕಳು ಹಿರಿಯರ ಎದುರು ಗಂಡನ ಪಕ್ಕ ಹೇಗೆ ನಿಲ್ಲುತ್ತಾರೆ ಎಂದು ಅವಳಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. ಆದರೆ ಅಲ್ಲಿ ಪ್ರತಿಯೊಬ್ಬರಿಗೂ 'ಹೊಂದಾಣಿಕೆ' ಎಂಬ ಲೆಕ್ಕವಿತ್ತು. ನೀವು ಒತ್ತಿದ ಅಂಕಿ ಪುಸ್ತಕದ ಅಂಕಿಗೆ ನೂರಕ್ಕೆ ತೊಂಬತ್ತು ಸಲ ಹೊಂದಬೇಕು. ತೊಂಬತ್ತಕ್ಕಿಂತ ಕೆಳಗಿಳಿದರೆ ಮರುದಿನ ಬಾಗಿಲಲ್ಲಿ ನಿಮ್ಮ ಹೆಬ್ಬೆರಳನ್ನು ಯಂತ್ರ ಗುರುತಿಸುತ್ತಿರಲಿಲ್ಲ, ಅಷ್ಟೆ. ದಾಕ್ಷಾಯಣಿಯ ಹೊಂದಾಣಿಕೆ ತೊಂಬತ್ತೆಂಟು. ಅದರ ಬಗ್ಗೆ ಅವಳಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಅವಳ ಗಂಡ ಉತ್ತರ ಒಕ್ಕೂಟದಲ್ಲಿದ್ದ. ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದವಳಲ್ಲ. ನಮಗೆ ಆ ನೇಮವಿಲ್ಲ, ಹೇಳಿಬಿಡೋಣ: ಗದಿಗೆಪ್ಪ. ಕಪ್ಪತಗುಡ್ಡದಲ್ಲಿ ಕರೆಂಟು ಹುಟ್ಟಿಸುವ ಗಾಳಿಗಂಬಗಳನ್ನು ಹತ್ತಿ ರಿಪೇರಿ ಮಾಡುತ್ತಿದ್ದವನನ್ನು, ಸಮುದ್ರದೊಳಗೆ ನೆಟ್ಟ ಅವಕ್ಕಿಂತ ಮೂರು ಪಟ್ಟು ಎತ್ತರದ ಕಂಬಗಳಿಗಾಗಿ ಅಲ್ಲಿಯವರು ಕರೆಸಿಕೊಂಡಿದ್ದರು. ಮದುವೆಯಾಗಿ ಆರು ವರ್ಷ. ಇಬ್ಬರೂ ಒಂದೇ ಸೂರಿನಡಿ ಇದ್ದದ್ದು ಎಲ್ಲ ಸೇರಿ ಐದು ತಿಂಗಳು. ಹೋದ ವರ್ಷ ಅವನು ಕಂಬದಿಂದ ಬಿದ್ದ. ಹಗ್ಗ ಹಿಡಿಯಿತು, ಜೀವ ಉಳಿಯಿತು, ಬೆನ್ನು ಉಳಿಯಲಿಲ್ಲ. ಅಲ್ಲಿಯ ವೈದ್ಯರು ಬೆನ್ನುಹುರಿಯುದ್ದಕ್ಕೂ ಕೂದಲಿಗಿಂತ ಸಣ್ಣ ತಂತಿಗಳನ್ನು ಕೂರಿಸಿ, ಅವನ ಕೈಗಳಿಗೆ ಮತ್ತು ಉಸಿರಿಗೆ ಬಲ ಕೊಟ್ಟರು. ಆ ತಂತಿಗಳು ಆಸ್ಪತ್ರೆಯ ಗೋಡೆಯಲ್ಲಿದ್ದ ಯಂತ್ರದೊಂದಿಗೆ ಸದಾ ಮಾತಾಡುತ್ತಿರಬೇಕು. ವಿಮಾನ ಹತ್ತುವ ಮಾತೇ ಇಲ್ಲ, ಆ ಊರಿನ ಎಲ್ಲೆಯನ್ನೇ ದಾಟುವಂತಿಲ್ಲ. ಅವನು ಇನ್ನು ಯಾವತ್ತೂ ಬರಲಾರ. ಅವನನ್ನು ಮುಟ್ಟಬೇಕಾದರೆ ಅವಳೇ ಹೋಗಬೇಕು.

ಹೋಗಬೇಕಾದರೆ ಫೋಟೋ ಬೇಕು. ಹೊಸ ಫೋಟೋ ತೆಗೆಸಿಕೊಳ್ಳಬೇಕಾದರೆ ಅವಳು ಅಲ್ಲಿಗೆ ಹೋಗಬೇಕು. ಕಾನೂನು ಬರೆದವರಿಗೆ ಇದು ಹೊಳೆದಿರಲಿಲ್ಲ, ಅಥವಾ ಹೊಳೆದೂ ಸುಮ್ಮನಿದ್ದರು.

ಒಂದು ಭಾನುವಾರ ಬೆಳಿಗ್ಗೆ ಅವಳು ಅತ್ತೆಯೊಂದಿಗೆ ಪಡಸಾಲೆಯಲ್ಲಿ ಕೂತು ಇದ್ದಬದ್ದ ಫೋಟೋಗಳನ್ನೆಲ್ಲ ಜಮಖಾನೆಯ ಮೇಲೆ ಹರಡಿದಳು. ಫೋನುಗಳಿಂದ ತೆಗೆಸಿ ಪ್ರಿಂಟ್ ಹಾಕಿಸಿದ್ದೂ ಸೇರಿ ಹತ್ತೊಂಬತ್ತಾದವು. ಅಕ್ಷತೆಯದು, ಆರತಿಯದು, ಹೊಸ ಸೀರೆಯದು, ಅತ್ತೆಯ ತಂಗಿಯ ಮಗಳ ಸೀಮಂತದ ಕುಪ್ಪಸ ಕಾರ್ಯದ್ದು. ದಾಕ್ಷಾಯಣಿ ನೋಡುತ್ತಿದ್ದಂತೆ ಅವಳ ಬಲಗೈ ಬೆರಳು ತಾನಾಗಿ ಮೊಣಕಾಲ ಮೇಲೆ ಬಡಿಯತೊಡಗಿತು. ಒಂದು. ಒಂದು. ಎರಡು. ಒಂದು. ಎಲ್ಲದರಲ್ಲೂ ಅವಳ ತಲೆ ಬಗ್ಗಿತ್ತು. ಎಲ್ಲದರಲ್ಲೂ ಅವನು ಎತ್ತಲೋ ನೋಡುತ್ತಿದ್ದ. ನಡುವೆ ಅಳೆದಿಟ್ಟಂತೆ ಒಂದು ಮೊಳ ಜಾಗ.

"ಏನವಾ, ಬೆರಳಿಗೆ ಏನಾತು?" ಎಂದಳು ಅತ್ತೆ ನಾಗವ್ವ.

"ಏನಿಲ್ರೀ ಅತ್ತಿ. ಯಂತ್ರ ಏನ ಕೊಡ್ತೈತಿ ಅಂತ ನೋಡಾಕತ್ತೀನಿ."

"ಏನ ಕೊಡ್ತೈತಿ?"

"ನಾವಿಬ್ರೂ ಯಾರೋ ಏನೋ ಅಂತೈತಿ."

ನಾಗವ್ವ ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಫೋಟೋ ಕಣ್ಣ ಹತ್ತಿರ ಹಿಡಿದಳು. ಹಿಡಿದಂತೆ ಹಿಡಿದಂತೆ ಅವಳ ಮುಖ ಸಣ್ಣದಾಯಿತು. ಪ್ರತಿ ಫೋಟೋ ತೆಗೆಯುವಾಗಲೂ ಅವಳು ಅಲ್ಲೇ ಇದ್ದಳು. ಕ್ಯಾಮೆರಾದವರು ಇನ್ನಷ್ಟು ಹತ್ತಿರ ಎಂದಾಗಲೆಲ್ಲ ದನಿ ಏರಿಸಿದ್ದವಳು ಅವಳೇ.

"ನಾನ ಅಲ್ಲೇನ, ದೂರ ನಿಂದರ್ರಿ, ಮಂದಿ ನೋಡ್ತಾರ ಅಂತಿದ್ದೆ," ಎಂದಳು ಕೊನೆಗೆ. "ಇದು ಹಿಂಗ ಅಳತಿಗೆ ಬರತೈತಿ ಅಂತ ನನಗೇನ ಗೊತ್ತಿತ್ತವಾ? ಗೊತ್ತಿದ್ರ ನಿಮ್ಮಿಬ್ರ ತಲಿ ಹಿಡದು ಢಿಕ್ಕಿ ಹೊಡಸ್ತಿದ್ದೆ."

ದಾಕ್ಷಾಯಣಿಗೆ ನಗು ಬಂತು, ನಗುತ್ತಿದ್ದಂತೆಯೇ ಅಳು ಬಂತು. ಇಬ್ಬರೂ ಜಮಖಾನೆಯ ಮೇಲೆ ಕೂತು ಬಹಳ ಹೊತ್ತು ಅತ್ತರು. ಆಮೇಲೆ ಅತ್ತೆ ಎದ್ದು ಮೂಗು ಒರೆಸಿಕೊಂಡು ರೊಟ್ಟಿ ತಟ್ಟಲು ಒಳಗೆ ಹೋದಳು.

ದಾಕ್ಷಾಯಣಿ ಹನ್ನೆರಡನ್ನು ಆರಿಸಿ ಕಳಿಸಿದಳು. ಇಪ್ಪತ್ತು ದಿನಕ್ಕೆ ಉತ್ತರ ಬಂತು. ಸರಾಸರಿ ಒಂದು ದಶಾಂಶ ಮೂರು, ಸಂಬಂಧ ಸ್ಥಿರಪಟ್ಟಿಲ್ಲ. ತರಬೇತಿ ಕೊಡುವವಳಿಗೆ ಇದು ಮೊದಲೇ ಗೊತ್ತಿತ್ತು, ಆದರೂ ಕಾಗದವನ್ನು ಎರಡೆರಡು ಸಲ ಓದಿದಳು. ತಾನು ಒಂದು ಒತ್ತಿದ ಸಾವಿರಾರು ಹೆಣ್ಣುಮಕ್ಕಳು ಎಲ್ಲೆಲ್ಲಿ ಈ ಕಾಗದ ಹಿಡಿದು ಕೂತಿರಬಹುದು ಎಂಬ ಯೋಚನೆ ಅವತ್ತು ಮೊದಲ ಬಾರಿಗೆ ಬಂತು. ಅದನ್ನು ಅವಳು ಬಲವಂತವಾಗಿ ತಳ್ಳಿಬಿಟ್ಟಳು, ತನ್ನದೇ ತನಗೆ ಹಾಸಿ ಹೊದೆಯುವಷ್ಟಿತ್ತು.

ಎರಡನೇ ಸಲಕ್ಕೆ ಅವಳು ಪಂಪಣ್ಣ ಚಿತ್ರಗಾರನ ಸ್ಟುಡಿಯೋಕ್ಕೆ ಹೋದಳು. ಗದಗಿನ ಮದುವೆಗಳನ್ನೆಲ್ಲ ನಲವತ್ತು ವರ್ಷದಿಂದ ತೆಗೆದವನು, ಒಳ್ಳೆಯ ಮನುಷ್ಯ. ಅವಳದೂ ಅವನೇ ತೆಗೆದದ್ದು. ಈಚೆಗೆ ಫೋಟೋ ತೆಗೆಯುವ ಕೆಲಸ ನಿಂತುಹೋಗಿ ಅರ್ಜಿಗೆ ಫೋಟೋ ಜೋಡಿಸಿಕೊಡುವುದೇ ಅವನ ಕಸುಬಾಗಿತ್ತು. ಅವಳು ತಂದ ಕಟ್ಟನ್ನು ಅವನು ಮೇಜಿನ ಮೇಲೆ ಸಾಲಾಗಿಟ್ಟು ನೋಡಿದ. ಒಂದರ ಮೇಲೆ ಅವನ ಕೈ ನಿಂತಿತು.

"ಇದು ನಾ ತಗದದ್ದಲ್ಲ. ಯಾರ ತಗದಾರ ತಂಗಿ?"

"ಅವರ ಜೋಡಿ ಕೆಲಸಾ ಮಾಡೋರು, ಗುಡ್ಡದಾಗ. ಮದುವ್ಯಾದ ಎರಡನೇ ತಿಂಗಳು. ತಾವು ಹತ್ತೋ ಕಂಬಾ ತೋರಸ್ತೀನಿ ಅಂತ ಅತ್ತೀನ್ನ, ನನ್ನ ಕರಕೊಂಡು ಹೋಗಿದ್ರು."

ಮೇ ತಿಂಗಳ ಬಿಸಿಲು. ಹಿಂದೆ ಗಾಳಿಗಂಬದ ಬಿಳಿ ಬುಡ. ಕಲ್ಲುಹಾಸಿನ ಮೇಲೆ ಇಬ್ಬರು, ನಡುವೆ ಅದೇ ಒಂದು ಮೊಳ. ಅವಳ ತಲೆ ಬಗ್ಗಿದೆ, ಅವನು ದೂರದ ಗುಡ್ಡ ನೋಡುತ್ತಿದ್ದಾನೆ. ಹತ್ತುವಾಗ ಅವಳ ಚಪ್ಪಲಿಯ ಬಾರು ಹರಿದಿತ್ತು. ಕಲ್ಲು ಹೆಂಚಿನ ಹಾಗೆ ಕಾದಿತ್ತು. ಅತ್ತೆ ಗಿಡದ ನೆರಳಿಗೆ ಕೂತು ದೂರ ನಿಂದರ್ರಿ ಎನ್ನುತ್ತಿದ್ದಳು. ಗದಿಗೆಪ್ಪ ಬಾಯಿಬಿಡದೆ, ಅವಳತ್ತ ನೋಡದೆ, ತನ್ನ ಚಪ್ಪಲಿ ಕಳಚಿ ಕಾಲಿನಿಂದಲೇ ಅವಳತ್ತ ಸರಿಸಿದ್ದ. ಫೋಟೋದಲ್ಲಿ ಅವಳ ಸೀರೆಯ ಅಂಚಿನ ಕೆಳಗೆ ಗಂಡಸಿನ ದೊಡ್ಡ ಟೈರಿನ ಚಪ್ಪಲಿ ಕಾಣುತ್ತಿತ್ತು. ಅವನು ಬರಿಗಾಲಲ್ಲಿ ನಿಂತಿದ್ದ, ಹೆಬ್ಬೆರಳುಗಳನ್ನು ಮೇಲೆತ್ತಿ. ಮನೆಗೆ ಹೋದ ಮೇಲೆ ಅವನ ಅಂಗಾಲಿನ ಬೊಬ್ಬೆಗಳಿಗೆ ಅವಳು ಎಣ್ಣೆ ಹಚ್ಚಿದ್ದಳು. ಅವನನ್ನು ಅವಳು ಮೊದಲ ಸಲ ತಾನಾಗಿ ಮುಟ್ಟಿದ್ದು ಅವತ್ತು. ಅದಕ್ಕೆ ಮಾತ್ರ ಫೋಟೋ ಇರಲಿಲ್ಲ.

"ಚಲೋ ಐತಿ. ಕೆಳಗಿಂದ ಕತ್ತರಸ್ತೀನಿ," ಎಂದ ಪಂಪಣ್ಣ. "ಯಂತ್ರ ಸೊಂಟದ ಕೆಳಗ ನೋಡಂಗಿಲ್ಲ."

ಅದು ನಿಜವೇ ಆಗಿತ್ತು. ಭಾವ ಇರುವುದು ಮುಖ, ಕೈ, ಭುಜಗಳಲ್ಲಿ. ಪಾದಗಳಲ್ಲಿ ಏನೂ ಇಲ್ಲ ಎಂದು ಯಂತ್ರ ಕಟ್ಟಿದವರು ತೀರ್ಮಾನಿಸಿದ್ದರು. ದಾಕ್ಷಾಯಣಿ ಹೂಂ ಎಂದಳು.

ಪಂಪಣ್ಣ ಮಾಡಿದ್ದು ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ನಲವತ್ತು ವರ್ಷದ ಕೈ ಅದು. ಮೊಡವೆ ಅಳಿಸಿದ್ದು, ಕಪ್ಪಗಿದ್ದ ವಧುವಿಗೆ ಬಣ್ಣ ತುಂಬಿದ್ದು, ಮದುವೆಗೆ ಮೊದಲೇ ತೀರಿಕೊಂಡ ಅಪ್ಪನನ್ನು ಮಂಟಪದಲ್ಲಿ ತಂದು ನಿಲ್ಲಿಸಿದ್ದು, ಎಲ್ಲವನ್ನೂ ಕೇಳದೆಯೇ ಮಾಡಿಕೊಟ್ಟು ಜನರಿಂದ ಹೊಗಳಿಸಿಕೊಂಡವನು. ಈ ಹುಡುಗಿಯ ಕಷ್ಟ ನೋಡಿ ಅವನ ಕರುಳು ಚುರುಕ್ಕೆಂದಿತು. ಹನ್ನೆರಡು ಫೋಟೋಗಳಲ್ಲಿ ನಾಲ್ಕರಲ್ಲಿ ಗದಿಗೆಪ್ಪನನ್ನು ಸ್ವಲ್ಪವೇ ಸ್ವಲ್ಪ ಹೆಂಡತಿಯ ಹತ್ತಿರ ಸರಿಸಿಬಿಟ್ಟ. ನಾಲ್ಕು ಬೆರಳಷ್ಟು. ಅವಳಿಗೆ ಹೇಳಲಿಲ್ಲ. ಕೆಲಸವಾದ ಮೇಲೆ ಹೇಳಿ ಖುಷಿಪಡಿಸೋಣ ಎಂದುಕೊಂಡಿದ್ದನಂತೆ.

ಯಂತ್ರಕ್ಕೆ ಅದನ್ನು ಹಿಡಿಯಲು ಒಂದು ಕ್ಷಣವೂ ಬೇಕಾಗಲಿಲ್ಲ. ಎರಡನೇ ಕಾಗದದಲ್ಲಿ ಅಂಕಿಯೇ ಇರಲಿಲ್ಲ. 'ಕೃತಕ ಸಾಮೀಪ್ಯ' ಎಂದಿತ್ತು.

ಪಂಪಣ್ಣ ಮನೆಯ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತ. "ಸರಸಬಾರದಿತ್ತು ತಂಗಿ. ಎಲ್ಲಾರಿಗೂ ಸರಸ್ತೀನಲ್ಲಾ, ಅದ ರೂಢಿ," ಎಂದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಅವಳಿಂದಾಗಲಿಲ್ಲ. ಚಹಾ ಕುಡಿಸಿ ಕಳಿಸಿದಳು.

ಗದಿಗೆಪ್ಪ ದಿನಾ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡುತ್ತಿದ್ದ. ಪರದೆಯ ಮೇಲೆ ದಿಂಬು, ದಿಂಬಿನ ಮೇಲೆ ಅವನ ಸಣ್ಣಗಾದ ಮುಖ, ಹಿಂದೆ ಮಿಣಮಿಣ ಎನ್ನುವ ಗೋಡೆ. ಕುತ್ತಿಗೆಯ ಕೆಳಗೆ ಏನನ್ನೂ ತೋರಿಸುತ್ತಿರಲಿಲ್ಲ.

"ಊಟಾ ಆತೇನ್ರಿ?" ಎಂದು ಅವಳು ಕೇಳಬೇಕು.

"ನಳಿಗಿ ಹಚ್ಚಿ ಕೊಟ್ರು. ಶೇಂಗಾ ಚಟ್ನಿ ಇರಲಿಲ್ಲ," ಎಂದು ಅವನು ಹೇಳಬೇಕು. ಆಮೇಲೆ ದಿನಾ ಒಂದೇ ಪೀಡಿಸಾಟ. "ದಾಕ್ಷಿ, ಒಮ್ಮಿ ನನ್ನ ಹೆಸರ ಹೇಳ. ಇಲ್ಲಿ ಎಲ್ಲಾರೂ ಗ್ಯಾಡಿ ಅಂತಾರ. ನನ್ನ ಹೆಸರ ನನಗ ಮರತ ಹೊಂಟೈತಿ."

"ನಿಮಗ ಬ್ಯಾರೆ ಕೆಲಸಿಲ್ಲ. ನಾ ಅಲ್ಲಿಗೆ ಬಂದ ದಿನಾ ನಿಮ್ಮ ಮುಂದ ನಿಂತು, ಒಡಪು ಹಚ್ಚಿ ಹೇಳ್ತೀನಿ. ಅಲ್ಲೀತನಕ ಇಲ್ಲ."

ಹೆಸರು ಹೇಳಲೇಬೇಕಾದಾಗ ನಮ್ಮ ಕಡೆಯ ಹೆಣ್ಣುಮಕ್ಕಳು ಎರಡು ಸಾಲು ಕಟ್ಟಿ ಅದರೊಳಗೆ ಗಂಡನ ಹೆಸರನ್ನು ಅಡಗಿಸಿ ಹೇಳುತ್ತಾರಲ್ಲ, ಅದೇ ಒಡಪು. ಮದುವೆಯ ದಿನ ಎಲ್ಲರೂ ಗೋಗರೆದರೂ ದಾಕ್ಷಾಯಣಿ ನಾಚಿ ಹೇಳಿರಲಿಲ್ಲ.

ಎರಡನೇ ಕಾಗದ ಬಂದ ಮರುದಿನ ಅವನು ಪೀಡಿಸಲಿಲ್ಲ. "ಸಾಕ ಬಿಡ ದಾಕ್ಷಿ," ಎಂದ. "ಮೂರನೇದು ಬ್ಯಾಡ. ಅದೂ ಇಲ್ಲಂದ್ರ ಆಮ್ಯಾಲ ಬಾಗಲಾನ ಇಲ್ಲ. ಹಿಂಗ ಇದ್ರ, ಒಂದ ಆಶಾ ಅಂತಾದ್ರೂ ಇರತೈತಿ."

ಅವನು ಹೇಳಿದ್ದು ಸರಿ. ಮೂರನೇ ಸಲ ಮನವಿ. ಅದನ್ನು ಯಂತ್ರವಲ್ಲ, ಮನುಷ್ಯರು ನೋಡುತ್ತಾರೆ. ಅರ್ಜಿದಾರರ ಸೀಮೆಯ ರೀತಿನೀತಿ ಬಲ್ಲ ಮೂವರು ಮನುಷ್ಯರು ಒಂದೇ ಒಂದು ಫೋಟೋ ನೋಡಿ ಅಂಕಿ ಕೊಡುತ್ತಾರೆ. ಮೂವರಲ್ಲಿ ಇಬ್ಬರು ಒಪ್ಪಿದ್ದು ಅಂತಿಮ. ಇಲ್ಲವೆಂದಾದರೆ ಆ ಇಬ್ಬರ ನಡುವೆ ಸಂಬಂಧವೇ ಇಲ್ಲವೆಂದು ದಾಖಲಾಗಿ, ಮತ್ತೆಂದೂ ಅರ್ಜಿ ಹಾಕುವಂತಿಲ್ಲ.

ಆದರೆ ದಾಕ್ಷಾಯಣಿಗೆ ಗೊತ್ತಿದ್ದ ಒಂದು ಸಂಗತಿ ಅವನಿಗೆ ಗೊತ್ತಿರಲಿಲ್ಲ. ಕನ್ನಡ ಸೀಮೆಯ ಮನವಿಗಳು ಬರುತ್ತಿದ್ದದ್ದು ಅವಳ ಹಾಲ್‌ಗೇ. ಒಂದು ಸಾಲಿಗೆ ಮೂರು ಕುರ್ಚಿ, ಒಂದು ಸಾಲಿಗೆ ಒಂದು ಮನವಿ. ಇಪ್ಪತ್ನಾಲ್ಕು ಸಾಲುಗಳಲ್ಲಿ ಯಾವುದಕ್ಕೆ ಹೋದರೂ ಕೂತಿರುವವರು ಗದಗಿನವರು, ರೋಣದವರು, ಮುಂಡರಗಿಯವರು. ತಲೆ ತಗ್ಗಿಸುವುದು ಏನೆಂದು ಗೊತ್ತಿದ್ದವರು. ಯಂತ್ರ ನೋಡದ ಪಾದಗಳನ್ನು ಅವರು ನೋಡುತ್ತಾರೆ. ತನ್ನ ಅರ್ಜಿ ಒಕ್ಕೂಟದಲ್ಲಿದೆ ಎಂದು ಅವಳು ಕೇಂದ್ರದಲ್ಲಿ ಹೇಳಿರಲಿಲ್ಲ. ಹೇಳಿದ್ದರೆ ಅವತ್ತೇ ಕೆಲಸ ಹೋಗುತ್ತಿತ್ತು, ಮನವಿಯೂ ರದ್ದಾಗುತ್ತಿತ್ತು. ಗುಡ್ಡದ ಫೋಟೋವನ್ನು, ತೆಗೆದವನ ಹಳೆಯ ಫೋನಿನಿಂದಲೇ ತೆಗೆಸಿಕೊಂಡು, ತಲೆಯಿಂದ ಪಾದದವರೆಗೆ ಇದ್ದಂತೆಯೇ ಕಳಿಸಿ, ಕಳಿಸಿದೆ ಎಂದಷ್ಟೇ ಗಂಡನಿಗೆ ಹೇಳಿದಳು.

ತರಬೇತಿಯಿಲ್ಲದಾಗ ಅವಳೂ ಒಂದು ಸಾಲಿನ ನಡುವಿನ ಕುರ್ಚಿಯಲ್ಲಿ ಕೂತು ಅಂಕಿ ಒತ್ತಬೇಕಿತ್ತು. ಎಡಗಡೆಯ ಕುರ್ಚಿಯವಳು ಸಾವಂತ್ರೆವ್ವ. ಐವತ್ತೆರಡು ವರ್ಷ, ಹೊಲಿಗೆ ಕಲಿಸುತ್ತಿದ್ದವಳು, ಕೈ ನಡುಗತೊಡಗಿದ ಮೇಲೆ ಇಲ್ಲಿಗೆ ಬಂದಿದ್ದಳು. ಬಲಗಡೆ ಕುಬೇರಗೌಡ ಎಂಬವನು, ಫೋಟೋ ಪೂರ್ತಿ ಮೂಡುವ ಮೊದಲೇ ಅಂಕಿ ಒತ್ತುವವನು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ದಾಕ್ಷಾಯಣಿ ಮೆಲ್ಲಗೆ ಮಾತು ತೆಗೆದಳು.

"ಅಕ್ಕಾರ, ಈಗ ಮನವಿ ಬರತಾವಲ್ಲ, ಅವನ್ನ ಒಂದೀಟು ಸಾವಕಾಶ ನೋಡಬೇಕ್ರಿ. ತಲಿ ತಗ್ಗಿಸಿದವರೆಲ್ಲಾ ಅಂಜಿದವರ ಇರಬೇಕಂತಿಲ್ಲ."

ಸಾವಂತ್ರೆವ್ವ ರೊಟ್ಟಿಯ ತುಣುಕನ್ನು ಪಲ್ಯದಲ್ಲಿ ಅದ್ದುತ್ತ ನಕ್ಕಳು. "ನನಗ ಹೇಳತಿಯೇನ? ನಾ ಇಪ್ಪತ್ತೆಂಟು ವರ್ಷ ಬಾಳೇ ಮಾಡೀನಿ, ಅವರ ಮಾರಿ ನೆಟ್ಟಗ ನೋಡಿದ್ದು ಅವರು ತೀರಕೊಂಡ ದಿನಾನ."

"ಹಂಗಿದ್ರ ಅಂಥಾವಕ್ಕ ನೀವು ಏನ ಒತ್ತತೀರಿ?"

"ಒಂದು." ಅವಳಿಗೆ ಇದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ. "ನೀನ ಕಲಿಸಿದ್ದಲ್ಲವಾ? ಮನವೀಗೆ ಪುಸ್ತಕದ ಬದಲಿ ಮೂಲ್ಯಾಗ ಯಂತ್ರದ ಅಂಕಿ ಬರದಿರತೈತಿ. ಅದಕ್ಕ ಹೊಂದಲಿಲ್ಲಂದ್ರ ನಮ್ಮದ ಇಳೀತೈತಿ. ನಂದು ಈಗ ತೊಂಬತ್ತರ ಮ್ಯಾಲ ಒಂದ ಕೂದಲ ಐತಿ. ಈ ವಯಸ್ಸಿನ್ಯಾಗ ನನ್ನ ಯಾರ ತಗೋತಾರ ಹೇಳು?"

ದಾಕ್ಷಾಯಣಿ ಬಾಯಿ ತೆರೆದಳು. ಬರಲಿರುವುದರಲ್ಲಿ ಒಂದು ನನ್ನ ಫೋಟೋ, ಅದರಲ್ಲಿರುವವರು ನನ್ನವರು ಎಂದುಬಿಡಬೇಕೆನಿಸಿತು. ಗೋಡೆಯ ಮೇಲಿನ ಕಪ್ಪು ಗುಂಡಿ ಎಲ್ಲ ಕೇಳಿಸಿಕೊಳ್ಳುತ್ತಿತ್ತು. ಅಂಕಿಯ ಬಗ್ಗೆ ಒಬ್ಬರು ಇನ್ನೊಬ್ಬರಿಗೆ ಹೇಳಿಕೊಟ್ಟರೆ ಮನವಿಯೇ ತಿರಸ್ಕಾರ. ಅದನ್ನೂ ಹೊಸಬರಿಗೆ ಹೇಳಿಕೊಡುತ್ತಿದ್ದವಳು ಅವಳೇ.

"ಪಲ್ಯಾ ಚಲೋ ಆಗೇತ್ರಿ," ಎಂದಳು.

ಹನ್ನೊಂದು ದಿನ ಹಾಗೆಯೇ ಹೋದವು. ಹನ್ನೆರಡನೆಯ ದಿನ, ಮಧ್ಯಾಹ್ನ ಮೂರೂವರೆಯ ಸುಮಾರಿಗೆ, ಮೂರೂ ಪರದೆಗಳ ಅಂಚು ಹಳದಿಯಾಯಿತು. ಹಳದಿ ಎಂದರೆ ಮನವಿ. ಹನ್ನೆರಡು ಸೆಕೆಂಡು ಸಮಯ. ಫೋಟೋ ಮೂಡಿತು.

ಗಾಳಿಗಂಬದ ಬಿಳಿ ಬುಡ. ಕಲ್ಲುಹಾಸು. ಇಪ್ಪತ್ನಾಲ್ಕು ಸಾಲುಗಳಲ್ಲಿ ಅದು ಅವಳ ಸಾಲಿಗೇ ಬಂದಿತ್ತು.

ನೋಡುವವರಿಗೆ ಗುರುತು ಸಿಗದಿರಲೆಂದು ಯಂತ್ರ ಇಬ್ಬರ ಮುಖಗಳ ಮೇಲೂ ತೆಳುವಾದ ಮಂಜು ಹೊದಿಸಿತ್ತು. ಅವಳ ಬಾಗಿದ ಕುತ್ತಿಗೆಗೆ ಕೆಂಪು ಗೆರೆ ಎಳೆದಿತ್ತು. ಭುಜಗಳ ನಡುವಿನ ಜಾಗಕ್ಕೆ ಅಳತೆ ಬರೆದಿತ್ತು. ಮೂಲೆಯಲ್ಲಿ ಯಂತ್ರದ ಅಂಕಿ: ಒಂದು. ಪಾದಗಳ ಮೇಲೆ ಯಾವ ಗುರುತೂ ಇರಲಿಲ್ಲ.

ಬಲಗಡೆ ಟಕ್ ಎಂದಿತು. ಕುಬೇರಗೌಡ ಆಗಲೇ ಒತ್ತಿ ಕೈ ಹಿಂದಕ್ಕೆ ತೆಗೆದಿದ್ದ. ಅವನು ಏನು ಒತ್ತಿದನೆಂದು ನೋಡುವ ಅಗತ್ಯವಿರಲಿಲ್ಲ. ದಾಕ್ಷಾಯಣಿ ಐದು ಒತ್ತಿದಳು. ಆ ಗುಂಡಿಯನ್ನು ಒತ್ತಿ ಎಷ್ಟು ಕಾಲವಾಗಿತ್ತೋ, ಅದು ಬಿಗಿಯಾಗಿತ್ತು. ಇನ್ನು ಉಳಿದದ್ದು ಎಡಗಡೆಯ ಒಂದು ಬೆರಳು. ಅವಳು ತಲೆ ತಿರುಗಿಸದೆ ಕಿವಿಯನ್ನೆಲ್ಲ ಆ ಕಡೆಗೇ ಇಟ್ಟಳು.

ಸಾವಂತ್ರೆವ್ವ ಮುಂದಕ್ಕೆ ಬಾಗಿದ್ದಳು. ಎಂಟು ಸೆಕೆಂಡು ಉಳಿದಿತ್ತು. ಅವಳು ತನ್ನಷ್ಟಕ್ಕೆ ಗುನುಗಿದಳು.

"ಅಯ್ಯ ನೋಡಿಲ್ಲೆ... ಗಂಡಸರ ಚಪ್ಪಲಿ ಮೆಟ್ಟ್ಯಾಳ."

ಐದು ಸೆಕೆಂಡು.

"ತಾ ಬರಿಗಾಲಾಗ ನಿಂತಾನ. ಬಿಸಲಾಗ." ಸಾವಂತ್ರೆವ್ವ ಸೆರಗಿನ ತುದಿಯಿಂದ ಕಣ್ಣು ಒತ್ತಿಕೊಂಡಳು. "ಎಷ್ಟ ಜೀವ ಇಟಗೊಂಡಾನ ಪಾಪ. ಹಿಂಥಾ ಗಂಡ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕ."

ಕಣ್ಣು ಒರೆಸಿದ ಅದೇ ಕೈಯಿಂದ ಒಂದು ಒತ್ತಿದಳು.

ಪರದೆಯ ಅಂಚಿನ ಹಳದಿ ಆರಿತು. 'ಇಬ್ಬರ ಒಪ್ಪಿಗೆ: ಒಂದು. ಸಂಬಂಧವಿಲ್ಲ. ಅಂತಿಮ.' ಸಾವಂತ್ರೆವ್ವನ ಪರದೆಯ ಮೇಲೆ ಹಸಿರು ಗುರುತು ಬಂತು, ಅವಳು ಉಸಿರು ಬಿಟ್ಟಳು. ದಾಕ್ಷಾಯಣಿಯ ಪರದೆಯ ಮೇಲೆ, ನಿಮ್ಮ ಅಂಕಿ ಹೊಂದಿಲ್ಲ, ನಿಯಮ ಪುಸ್ತಕದ ನಾಲ್ಕನೇ ಪುಟವನ್ನು ಮತ್ತೊಮ್ಮೆ ಓದಿ ಎಂದು ಬಂತು. ನಾಲ್ಕನೇ ಪುಟ ಅವಳಿಗೆ ಬಾಯಿಪಾಠವಿತ್ತು.

"ನಂದು ಹೊಂದ್ತವಾ," ಎಂದಳು ಸಾವಂತ್ರೆವ್ವ ಇತ್ತ ತಿರುಗಿ, ಮುಖ ಅರಳಿಸಿ. "ನಿಂದೂ ಹೊಂದ್ತಿಲ್ಲೋ?"

"ಹೊಂದ್ತ್ರೀ ಅಕ್ಕಾರ," ಎಂದಳು ದಾಕ್ಷಾಯಣಿ.

ಪರದೆಯ ಮೇಲೆ ಮುಂದಿನ ಫೋಟೋ ಬಂದಿತ್ತು. ಯಾವುದೋ ಊರಿನ ಯಾವುದೋ ಹುಡುಗಿ, ತಲೆ ತಗ್ಗಿಸಿ ನಿಂತಿದ್ದಳು. ದಾಕ್ಷಾಯಣಿ ಅವಳನ್ನು ನೋಡುತ್ತಲೇ ಕೂತಳು. ಸಮಯ ಮುಗಿದು ಯಂತ್ರ ತಾನೇ ತನ್ನ ಅಂಕಿ ಹಾಕಿಕೊಂಡಿತು.

ಮರುದಿನ ಎಂಟು ಗಂಟೆಗೆ ಫೋನ್ ಬಂತು. ಒಕ್ಕೂಟದ ಕಾಗದ ಅವನಿಗೆ ತಲುಪಲು ಇನ್ನೂ ವಾರ ಬೇಕಿತ್ತು. ದಿಂಬಿನ ಮೇಲಿನ ಮುಖ ಅವತ್ತು ಸ್ವಲ್ಪ ಗೆಲುವಾಗಿತ್ತು. ಯಾರೋ ಗಡ್ಡ ಬೋಳಿಸಿದ್ದರು.

"ಊಟಾ ಆತೇನ್ರಿ?"

"ಆತು. ಚಟ್ನಿ ಇರಲಿಲ್ಲ. ಏನಾದ್ರೂ ತಿಳೀತೇನ? ಯಾಕ, ಮಾರಿ ಹಂಗ್ಯಾಕ ಐತಿ? ಹೋಗ್ಲಿ ಬಿಡು, ಹೆಸರ ಹೇಳ ಒಮ್ಮಿ, ಗ್ಯಾಡಿ ಗ್ಯಾಡಿ ಅಂತ ಕೇಳಿ ಕೇಳಿ..."

ದಾಕ್ಷಾಯಣಿ ಫೋನನ್ನು ಗೂಡಿನಲ್ಲಿ ಆನಿಸಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ಅದರ ಎದುರು ನಿಂತಳು. ಸೆರಗು ಸರಿಮಾಡಿಕೊಂಡಳು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತಿತು. ತಲೆ ಎತ್ತಿ, ಜೀವಮಾನದಲ್ಲಿ ಮೊದಲ ಬಾರಿಗೆ ಅವನ ಕಣ್ಣನ್ನು ನೇರವಾಗಿ ನೋಡುತ್ತ ಅವಳು ಹೇಳಿದಳು:

"ಕಪ್ಪತಗುಡ್ಡದ ಮ್ಯಾಲ ಗಾಳಿಗಂಬ ನೂರಾರು,
ಸುಡೂ ಕಲ್ಲಿನ ಮ್ಯಾಲ ಚಪ್ಪಲಿ ಬಿಟ್ಟುಕೊಟ್ಟವರು ಗದಿಗೆಪ್ಪನವರು."

ಗದಿಗೆಪ್ಪ ನಕ್ಕ. ನಗು ಅರ್ಧಕ್ಕೇ ನಿಂತಿತು. ಅಲ್ಲಿಗೆ ಬಂದ ದಿನ ಹೇಳುತ್ತೇನೆ ಎಂದಿದ್ದಳು. ಇಲ್ಲೇ ನಿಂತು ಹೇಳಿಬಿಟ್ಟಿದ್ದಳು. ಅವನ ಹಿಂದಿನ ಗೋಡೆಯಲ್ಲಿ ದೀಪಗಳು ಮಿಣಮಿಣ ಎನ್ನುತ್ತಿದ್ದವು. ಅವನು, "ಚಲೋ ಕಟ್ಟೀದಿ ದಾಕ್ಷಿ," ಎಂದ, ಮತ್ತು ಮುಖವನ್ನು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿಕೊಂಡ.